ಕೊರಿಪ್ಪೊ: ಕಲ್ಲಿನ ಚಾವಣಿಯ ಒಂದು ಊರು

ಸ್ವಿಟ್ಜರ್ಲೆಂಡ್ ಎಂದೊಡನೆ ನಮ್ಮವರ ಕಣ್ಣಮುಂದೆ ಬರುವುದು ಹಿಮದ ಶಿಖರಗಳು, ಹಸಿರು ಹುಲ್ಲುಗಾವಲು, ಕಿಟಕಿಗಳಲ್ಲಿ ಹೂಕುಂಡಗಳಿರುವ ಮರದ ಮನೆಗಳು. ಹಿಂದಿ ಚಲನಚಿತ್ರಗಳೂ ಪ್ರವಾಸದ ಜಾಹೀರಾತುಗಳೂ ಈ ಚಿತ್ರವನ್ನು ಗಟ್ಟಿಗೊಳಿಸಿವೆ. ಆದರೆ ಆಲ್ಪ್ಸ್ ಪರ್ವತಸಾಲನ್ನು ದಾಟಿ ಅದರ ದಕ್ಷಿಣದ ಮಗ್ಗುಲಿಗೆ ಇಳಿದರೆ ಭಾಷೆ ಇಟಾಲಿಯನ್ ಆಗುತ್ತದೆ, ಬಿಸಿಲು ಬಲಿಯುತ್ತದೆ, ಮರದ ಮನೆಗಳ ಜಾಗದಲ್ಲಿ ಕಲ್ಲಿನ ಮನೆಗಳು ಕಾಣಿಸಿಕೊಳ್ಳುತ್ತವೆ. ಇದು ಟಿಚಿನೊ ಪ್ರಾಂತ. ಅಲ್ಲಿನ ವೆರ್ಜಾಸ್ಕಾ ಕಣಿವೆಯಲ್ಲಿ, ಕಡಿದಾದ ಇಳಿಜಾರಿಗೆ ಅಂಟಿಕೊಂಡಂತೆ ಇರುವ ಕೊರಿಪ್ಪೊ ಎಂಬ ಪುಟ್ಟ ಊರಿನ ವಿಷಯವನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಲ್ಲಿನ ಮನೆಗಳ ಬಗೆಗಿನ ನನ್ನ ಆಸಕ್ತಿಗೆ ಒಂದು ಸ್ವಂತ ಕಾರಣವೂ ಇದೆ. ನಾನು ಬೆಳೆದದ್ದು ಬಾದಾಮಿ ಸೀಮೆಯ ಒಂದು ಹಳ್ಳಿಯಲ್ಲಿ, ಮರಳುಗಲ್ಲಿನ ಗೋಡೆಯ ಮಾಳಿಗೆ ಮನೆಯಲ್ಲಿ. ಅವ್ವ ತೀರಿಕೊಂಡ ಮೇಲೆ ಆ ಮನೆಗೆ ಬೀಗ ಬಿದ್ದಿದೆ. ನಾನು ಕೊರಿಪ್ಪೊಗೆ ಹೊರಡುವ ವಾರದಲ್ಲೇ ಊರಿನಿಂದ ಅಣ್ಣ ಕರೆ ಮಾಡಿದ್ದರು. ಮನೆಯ ಕಂಬ, ತೊಲೆ, ಬಾಗಿಲು ಮತ್ತು ಕಡಿದ ಕಲ್ಲುಗಳನ್ನು ಒಟ್ಟಾಗಿ ಕೊಳ್ಳಲು ಒಬ್ಬರು ಬಂದಿದ್ದರಂತೆ; ಎಲ್ಲೋ ಕಟ್ಟುತ್ತಿರುವ ರೆಸಾರ್ಟಿಗೆ ಹಳೆಯ ಸಾಮಾನು ಬೇಕಂತೆ. "ನೀನೂ ಒಂದು ಮಾತು ಹೇಳಬೇಕಲ್ಲಪಾ" ಎಂದಿದ್ದರು. ಏನು ಹೇಳಬೇಕೆಂದು ತಿಳಿಯದೆಯೇ ನಾನು ರೈಲು ಹತ್ತಿದ್ದೆ.

ದಾರಿ ಮತ್ತು ನೆಲೆ

ಉತ್ತರದಿಂದ ಬರುವವರು 2016ರಲ್ಲಿ ತೆರೆದ, 57 ಕಿಲೋಮೀಟರ್ ಉದ್ದದ ಗೊಟ್ಹಾರ್ಡ್ ಸುರಂಗವನ್ನು ಹಾದು ಬೆಲ್ಲಿಂಜೋನಾ ಮಾರ್ಗವಾಗಿ ಲೊಕಾರ್ನೊ ತಲುಪಬಹುದು. ಮಾಜೊರೆ ಸರೋವರದ ದಡದ ಈ ಪಟ್ಟಣದಿಂದ ಹಳದಿ ಬಣ್ಣದ ಅಂಚೆ ಬಸ್ಸು ಕಣಿವೆಯೊಳಕ್ಕೆ ಹೋಗುತ್ತದೆ. ನಾನು ಮಾತ್ರ ಇನ್ನೊಂದು ಬಸ್ಸು ಹಿಡಿದು ಮೆರ್ಗೋಷಾ ಎಂಬ ಊರಿಗೆ ಹೋಗಿ, ಅಲ್ಲಿಂದ ಹಳೆಯ ಕಾಲುದಾರಿಯಲ್ಲಿ ನಡೆದೆ. ರಸ್ತೆ ಬರುವ ಮೊದಲು ಊರುಗಳನ್ನು ಬೆಸೆಯುತ್ತಿದ್ದ ದಾರಿ ಇದು. ಕೊರಿಪ್ಪೊಗೆ ಸುಮಾರು ಎರಡು ಗಂಟೆಯ ನಡಿಗೆ. ಅಕ್ಟೋಬರ್ ತಿಂಗಳಾದ್ದರಿಂದ ದಾರಿಯುದ್ದಕ್ಕೂ ಮುಳ್ಳುಸಿಪ್ಪೆಯ ಚೆಸ್ಟ್‌ನಟ್ ಕಾಯಿಗಳು ಉದುರಿ ಬಿದ್ದಿದ್ದವು. ನಡುನಡುವೆ ಚಾವಣಿ ಕುಸಿದ ಕಲ್ಲಿನ ಕೊಟ್ಟಿಗೆಗಳಿದ್ದವು. ಒಳಗೆ ಮರಗಳು ಬೆಳೆದು ಗೋಡೆಗಿಂತ ಎತ್ತರಕ್ಕೆ ನಿಂತಿದ್ದವು.

ಕೆಳಗೆ ಕಾಣುವ ನೀರು ವೊಗೊರ್ನೊ ಜಲಾಶಯದ್ದು. 1965ರಲ್ಲಿ ಪೂರ್ಣಗೊಂಡ, 220 ಮೀಟರ್ ಎತ್ತರದ ವೆರ್ಜಾಸ್ಕಾ ಅಣೆಕಟ್ಟು ಈ ನೀರನ್ನು ತಡೆದು ನಿಲ್ಲಿಸಿದೆ. 1995ರ 'ಗೋಲ್ಡನ್‌ಐ' ಚಿತ್ರದ ಮೊದಲಲ್ಲಿ ಜೇಮ್ಸ್ ಬಾಂಡ್ ಧುಮುಕುವುದು ಇದೇ ಅಣೆಕಟ್ಟಿನ ಮೇಲಿನಿಂದ. ವಿದ್ಯುತ್ತಿಗಾಗಿ ಕಣಿವೆಯ ತಳದ ನೆಲ ಇಲ್ಲಿ ನೀರಿನಡಿ ಹೋಯಿತು. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಭಾಗಗಳೂ ಸುತ್ತಲಿನ ಹಳ್ಳಿಗಳೂ ಮುಳುಗಿದ್ದನ್ನು ಕಂಡ ನಮ್ಮ ಸೀಮೆಯವರಿಗೆ, ನೀರಿನ ಆ ಶಾಂತವಾದ ಹಸಿರು ಬಣ್ಣವನ್ನು ಕೇವಲ ಸೌಂದರ್ಯವೆಂದು ನೋಡುವುದು ಕಷ್ಟ.

ಜಲಾಶಯದ ಮೇಲ್ತುದಿಯಲ್ಲಿ, ಎದುರು ದಂಡೆಯ ಹೆದ್ದಾರಿಯಿಂದ ಸ್ವಲ್ಪ ದೂರದಲ್ಲಿ ಕೊರಿಪ್ಪೊ ಇದೆ. ಸಮುದ್ರಮಟ್ಟದಿಂದ ಅದರ ಎತ್ತರ ಸುಮಾರು 560 ಮೀಟರ್. ಒಂದು ಗಂಟೆಗೋಪುರ, ಅದರ ಸುತ್ತ ಒಂದರ ಹೆಗಲ ಮೇಲೊಂದು ಕುಳಿತಂತಿರುವ ಬೂದುಬಣ್ಣದ ಮನೆಗಳು, ಮೇಲೆ ಕಾಡು: ದೂರದಿಂದ ನೋಡಿದರೆ ಬೆಟ್ಟದ ಒಂದು ತುಣುಕೇ ಮನೆಗಳಾಗಿ ಒಡೆದುಕೊಂಡಂತೆ ತೋರುತ್ತದೆ. ಇಲ್ಲಿಂದ ಮುಂದಕ್ಕೆ ಸುಮಾರು ಒಂದು ಗಂಟೆ ನಡೆದರೆ ಲಾವೆರ್ತೆಜ್ಜೊ ಎಂಬ ಊರಿನ ಎರಡು ಕಮಾನುಗಳ ಪ್ರಸಿದ್ಧ ಕಲ್ಲುಸೇತುವೆ ಸಿಗುತ್ತದೆ. ಬೇಸಿಗೆಯಲ್ಲಿ ಅಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಆ ಜನಸಂದಣಿಯಲ್ಲಿ ಕೊರಿಪ್ಪೊವರೆಗೆ ಬರುವವರು ಕಡಿಮೆ.

ಮನೆಯ ಕಟ್ಟೋಣ

ಊರೊಳಗೆ ವಾಹನ ಹೋಗುವುದಿಲ್ಲ. ಓಣಿಗಳೆಂದರೆ ಕಲ್ಲಿನ ಮೆಟ್ಟಿಲುಗಳೇ. ಇಳಿಜಾರು ಎಷ್ಟು ಕಡಿದೆಂದರೆ, ಹಲವು ಮನೆಗಳಿಗೆ ಕೆಳಗಿನ ಓಣಿಯಿಂದ ಕೆಳಮಹಡಿಯ ಬಾಗಿಲು, ಮೇಲಿನ ಓಣಿಯಿಂದ ಮೇಲ್ಮಹಡಿಯ ಬಾಗಿಲು. ಹೀಗಾಗಿ ಮನೆಯೊಳಗೆ ಮೆಟ್ಟಿಲಿಗೆ ಜಾಗ ಕೊಡುವ ಅಗತ್ಯವೇ ಬೀಳುತ್ತಿರಲಿಲ್ಲ. ಕೆಳಗೆ ಉಗ್ರಾಣ ಅಥವಾ ಆಡುಗಳ ಕೊಟ್ಟಿಗೆ, ಅದರ ಮೇಲೆ ಒಲೆಯಿರುವ ಅಡುಗೆಮನೆ, ಅದಕ್ಕೂ ಮೇಲೆ ಮಲಗುವ ಕೋಣೆ, ಚಾವಣಿಯ ಅಡಿಯಲ್ಲಿ ಒಣಹುಲ್ಲು ಅಥವಾ ಧಾನ್ಯ. ಬಿಸಿಲು ಬೀಳುವ ಕಡೆಗೆ ಮರದ ಮೊಗಸಾಲೆ. ಕಾಳುಕಡಿ ಒಣಗಿಸುವುದು ಅಲ್ಲಿಯೇ. ಉಳಲು ಯೋಗ್ಯವಾದ ನೆಲ ಅತ್ಯಲ್ಪವಾದ್ದರಿಂದ ಮನೆಗಳು ಒತ್ತಾಗಿ ನಿಂತು ಮೇಲಕ್ಕೆ ಬೆಳೆದವು. ಅಂಗಳಕ್ಕಾಗಿ ಅಲ್ಲಿ ಯಾರೂ ಭೂಮಿಯನ್ನು ವ್ಯರ್ಥ ಮಾಡಿಲ್ಲ.

ಇಲ್ಲಿಯ ಕಲ್ಲು ನೈಸ್ ಎಂಬ ಜಾತಿಯದು. ಅಪಾರವಾದ ಒತ್ತಡ ಮತ್ತು ಶಾಖದಲ್ಲಿ ಬದಲಾದ ಈ ಶಿಲೆಯಲ್ಲಿ ಖನಿಜಗಳು ಪದರಗಳಾಗಿ ಹೊಂದಿಕೊಂಡಿರುತ್ತವೆ. ಪದರದ ಗುಂಟ ಉಳಿ ಇಟ್ಟು ಹೊಡೆದರೆ ಅದು ಚಪ್ಪಡಿಯಾಗಿ ಸೀಳುತ್ತದೆ. ದಪ್ಪ ತುಂಡುಗಳು ಗೋಡೆಗೆ, ತೆಳು ಚಪ್ಪಡಿಗಳು ಚಾವಣಿಗೆ. ಗೋಡೆಗೆ ಗಾರೆ ಇಲ್ಲ, ಇದ್ದರೂ ಅತ್ಯಲ್ಪ. ದೊಡ್ಡ ಕಲ್ಲುಗಳ ನಡುವಿನ ಸಂದಿಗೆ ಚಿಕ್ಕ ಕಲ್ಲುಗಳನ್ನು ತುರುಕಿ, ಮೂಲೆಗಳಲ್ಲಿ ಉದ್ದನೆಯ ಕಲ್ಲುಗಳನ್ನು ಒಂದು ಸಲ ಈ ಗೋಡೆಗೆ ಒಂದು ಸಲ ಆ ಗೋಡೆಗೆ ಹಾಯಿಸಿ ಬಿಗಿದಿದ್ದಾರೆ. ಕಿಟಕಿಗಳು ಚಿಕ್ಕವು. ಅವುಗಳ ಸುತ್ತ ಮಾತ್ರ ಸುಣ್ಣದ ಬಿಳಿಯ ಪಟ್ಟಿ. ಇಡೀ ಬೂದುಬಣ್ಣದ ಊರಿನಲ್ಲಿ ಎದ್ದು ಕಾಣುವ ಅಲಂಕಾರ ಅದೊಂದೇ. ಇಕ್ಕಟ್ಟಿನ ಓಣಿಯ ಬೆಳಕನ್ನು ಒಳಗೆ ಹಾಯಿಸಲು, ಕ್ರಿಮಿಕೀಟಗಳನ್ನು ದೂರವಿಡಲು ಸುಣ್ಣ ಬಳಿಯುತ್ತಿದ್ದರೆಂದು ಹೇಳುತ್ತಾರೆ.

ಚಾವಣಿಯ ಲೆಕ್ಕ

ಈ ಮನೆಗಳಲ್ಲಿ ನಿಜವಾದ ಜಾಣ್ಮೆ ಇರುವುದು ಚಾವಣಿಯಲ್ಲಿ. ಚೆಸ್ಟ್‌ನಟ್ ಮರದ ದಪ್ಪ ತೊಲೆಗಳನ್ನು ಇಳಿಜಾರಾಗಿ ಜೋಡಿಸಿ, ಅಡ್ಡಪಟ್ಟಿಗಳನ್ನಿಟ್ಟು, ಅವುಗಳ ಮೇಲೆ 'ಪ್ಯೋದೆ' ಎಂದು ಕರೆಯುವ ಕಲ್ಲಿನ ಚಪ್ಪಡಿಗಳನ್ನು ಸಾಲುಸಾಲಾಗಿ ಹೊದಿಸುತ್ತಾರೆ. ಮೊಳೆ ಇಲ್ಲ, ಅಂಟು ಇಲ್ಲ. ಪ್ರತಿ ಚಪ್ಪಡಿಯೂ ತನ್ನ ಭಾರದಿಂದಲೂ ಮೇಲಿನ ಚಪ್ಪಡಿಯ ಭಾರದಿಂದಲೂ ನಿಲ್ಲುತ್ತದೆ. ಒಂದು ಚದರ ಮೀಟರ್ ಚಾವಣಿಯ ತೂಕವೇ ನೂರಾರು ಕಿಲೋಗ್ರಾಂ. ಅದರ ಮೇಲೆ ಚಳಿಗಾಲದ ಹಿಮ ಬೇರೆ. ಗೋಡೆಗಳು ಅಷ್ಟು ದಪ್ಪಗಿರುವುದಕ್ಕೆ, ಕೋಣೆಗಳು ಅಷ್ಟು ಕಿರಿದಾಗಿರುವುದಕ್ಕೆ ಈ ಭಾರವೇ ಕಾರಣ. ಹಳೆಯ ಮನೆಗಳಲ್ಲಿ ಎಷ್ಟೋ ಕಡೆ ಹೊಗೆಗೂಡು ಇರುತ್ತಿರಲಿಲ್ಲ. ಒಲೆಯ ಹೊಗೆ ಮೇಲೇರಿ ಚಪ್ಪಡಿಗಳ ಸಂದಿಯಿಂದ ಹೊರಬೀಳುತ್ತಿತ್ತು. ಹಾದಿಯಲ್ಲಿ ಅದು ತೊಲೆಗಳನ್ನು ಒಣಗಿಸಿ, ಹುಳು ಹಿಡಿಯದಂತೆ ಕಾಯುತ್ತಿತ್ತು.

ನಾನು ಹೋದ ದಿನ ಒಂದು ಮನೆಯ ಚಾವಣಿಯ ದುರಸ್ತಿ ನಡೆದಿತ್ತು. ಹಿರಿಯ ವಯಸ್ಸಿನ ಕಲ್ಲುಗೆಲಸದವರೊಬ್ಬರು ಇಳಿಸಿದ ಚಪ್ಪಡಿಗಳನ್ನು ಒಂದೊಂದಾಗಿ ಎತ್ತಿ ಸುತ್ತಿಗೆಯಿಂದ ಮೆಲ್ಲನೆ ತಟ್ಟುತ್ತಿದ್ದರು. ಕಂಚಿನಂತೆ ನಾದ ಬಂದದ್ದು ಒಂದು ಕಡೆಗೆ, ಮಂಕಾದ ಸದ್ದು ಬಂದದ್ದು ಇನ್ನೊಂದು ಕಡೆಗೆ. ಸಂತೆಯಲ್ಲಿ ಅವ್ವ ಮಡಿಕೆಯನ್ನು ಬೆರಳಿನಿಂದ ಬಡಿದು ನೋಡಿ ಕೊಳ್ಳುತ್ತಿದ್ದುದು ನೆನಪಾಯಿತು. ಅವರಿಗೆ ಸ್ವಲ್ಪ ಜರ್ಮನ್ ಬರುತ್ತಿತ್ತು. ಈ ಚಾವಣಿಗಳು ಎಷ್ಟು ವರ್ಷ ಬಾಳುತ್ತವೆ ಎಂದು ಕೇಳಿದೆ. "ಕಲ್ಲಿಗೆ ಮುಪ್ಪಿಲ್ಲ. ಒಂದು ಚಪ್ಪಡಿ ಜಾರಿದಾಗ ಒಳಗೆ ಯಾರಾದರೂ ಇದ್ದರೆ ತಲೆಯ ಮೇಲೆ ಹನಿ ಬೀಳುತ್ತದೆ, ಮರುದಿನ ಏಣಿ ಹಾಕುತ್ತಾರೆ. ಯಾರೂ ಇಲ್ಲದಿದ್ದರೆ ಆ ಹನಿ ತೊಲೆಯ ಮೇಲೆ ಬೀಳುತ್ತಲೇ ಇರುತ್ತದೆ" ಎಂದರು.

ದಾರಿಯಲ್ಲಿ ಕಂಡ ಕುಸಿದ ಕೊಟ್ಟಿಗೆಗಳ ಕಥೆ ಆ ಮಾತಿನಲ್ಲಿ ಪೂರ್ತಿಯಾಗಿತ್ತು. ಕಲ್ಲಿನ ಮನೆ ಸಾಯುವುದು ಮರದಿಂದ. ತೊಲೆ ಕೊಳೆತು ಚಾವಣಿ ಒಳಗೆ ಬಿದ್ದ ಮೇಲೆ ಗೋಡೆಯ ನೆತ್ತಿಗೆ ನೀರಿಳಿಯುತ್ತದೆ. ಆಮೇಲೆ ಗೋಡೆಯೂ ಬಾಯಿಬಿಡುತ್ತದೆ.

ನಮ್ಮ ಮಾಳಿಗೆ ಮನೆಗಳ ಲೆಕ್ಕವೂ ಇದೇ. ಗೋಡೆ ಕಲ್ಲಿನದು, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಹಲಗೆ ಅಥವಾ ಕಟ್ಟಿಗೆಯ ಹಾಸು, ಎಲ್ಲಕ್ಕೂ ಮೇಲೆ ದಪ್ಪನಾಗಿ ಮಣ್ಣು. ಮಳೆ ಕಡಿಮೆ, ಬಿಸಿಲು ಹೆಚ್ಚು ಇರುವ ಸೀಮೆಯಾದ್ದರಿಂದ ಚಾವಣಿ ಇಳಿಜಾರಿಲ್ಲದೆ ಸಮತಟ್ಟಾಗಿದೆ. ಬೇಸಿಗೆಯ ರಾತ್ರಿ ಮಲಗುವುದೂ ಅಲ್ಲಿಯೇ. ಒಲೆಯ ಹೊಗೆ ಬೆಳಕಿಂಡಿಯಿಂದ ಹೊರಗೆ ಹೋಗುತ್ತದೆ. ಆದರೆ ಪ್ರತಿವರ್ಷ ಮಳೆಗಾಲಕ್ಕೆ ಮೊದಲು ಸವುಳು ಮಣ್ಣು ತಂದು ಮಾಳಿಗೆಯ ಮೇಲೆ ಹರಡಿ, ತುಳಿದು, ಬಿರುಕು ಮುಚ್ಚಬೇಕು. ಎರಡು ಮಳೆಗಾಲ ಈ ಕೆಲಸ ತಪ್ಪಿದರೆ ಸಾಕು, ಜಂತಿ ನೆನೆಯಲು ತೊಡಗುತ್ತದೆ. ಕೊರಿಪ್ಪೊ ಮತ್ತು ಬಾದಾಮಿಯ ನಡುವೆ ಹವೆ, ಕಲ್ಲು, ಆಕಾರ ಎಲ್ಲವೂ ಬೇರೆ. ಆದರೂ ಎರಡೂ ಕಡೆ ಮನೆಯೊಳಗಿನ ಮನುಷ್ಯನು ಕಟ್ಟಡದ ಒಂದು ಭಾಗವೇ ಆಗಿದ್ದಾನೆ.

ಹೋಗುವವರು, ಮರಳುವವರು

ಇಂಥ ಊರು ಹೇಗೆ ಬರಿದಾಯಿತು? ಬಡತನದಿಂದ ಜನ ವಲಸೆ ಹೋದರು ಎಂಬುದು ಸರಳ ಉತ್ತರ. ಕಣಿವೆಯ ಚರಿತ್ರೆ ಅದಕ್ಕಿಂತ ತೊಡಕಿನದು.

ವೆರ್ಜಾಸ್ಕಾದ ಜನ ಎಂದೂ ಒಂದೇ ಕಡೆ ನೆಲೆ ನಿಂತವರಲ್ಲ. ಚಳಿಗಾಲದಲ್ಲಿ ಕುಟುಂಬಗಳು ದನಕರುಗಳೊಡನೆ ಕೆಳಗಿನ ಮಗಾದಿನೊ ಬಯಲಿಗೆ ಇಳಿಯುತ್ತಿದ್ದವು. ಅಲ್ಲಿ ಅವರಿಗೆ ಇನ್ನೊಂದು ಮನೆ, ದ್ರಾಕ್ಷಿಯ ತೋಟ. ವಸಂತದಲ್ಲಿ ಮತ್ತೆ ಊರಿಗೆ. ಬೇಸಿಗೆಯಲ್ಲಿ ಇನ್ನೂ ಮೇಲಿನ ಹುಲ್ಲುಗಾವಲಿಗೆ. ಶರತ್ಕಾಲದಲ್ಲಿ ಚೆಸ್ಟ್‌ನಟ್ ಆರಿಸಲು ಪುನಃ ಕೆಳಕ್ಕೆ. ಸಾಮಾನೆಲ್ಲ ಬೆನ್ನಿನ ಬುಟ್ಟಿಯಲ್ಲಿ. ಹೊರುವವರಲ್ಲಿ ಹೆಂಗಸರದೇ ದೊಡ್ಡ ಪಾಲು. ಚೆಸ್ಟ್‌ನಟ್ ಅವರ ಚಳಿಗಾಲದ ಅನ್ನವಾಗಿತ್ತು. ಕಾಯಿಗಳನ್ನು ಸಣ್ಣ ಕಲ್ಲುಮನೆಯೊಂದರ ಅಟ್ಟದ ಮೇಲೆ ಹರಡಿ, ಕೆಳಗೆ ಹೊಗೆಯಾಡುವ ಬೆಂಕಿಯನ್ನು ವಾರಗಟ್ಟಲೆ ಆರದಂತೆ ಕಾದು ಒಣಗಿಸುತ್ತಿದ್ದರು. ಬಳಿಕ ಸಿಪ್ಪೆ ಬಡಿದು, ಇಡಿಯಾಗಿ ಬೇಯಿಸಿಯೋ ಹಿಟ್ಟು ಮಾಡಿಯೋ ತಿನ್ನುವುದು.

ಹಾಗಿದ್ದೂ ಹೊಟ್ಟೆ ತುಂಬದ ಮನೆಗಳಿಂದ ಗಂಡುಮಕ್ಕಳು ಚಳಿಗಾಲದಲ್ಲಿ ಮಿಲಾನ್ ಮುಂತಾದ ಇಟಲಿಯ ನಗರಗಳಿಗೆ ಹೊಗೆಗೂಡು ಗುಡಿಸಲು ಹೋಗುತ್ತಿದ್ದರು. ಕಿರಿದಾದ ಗೂಡಿನೊಳಗೆ ಹತ್ತಲು ಸಣ್ಣ ದೇಹ ಬೇಕಾಗಿತ್ತು. ಆದ್ದರಿಂದ ಎಳೆಯ ಬಾಲಕರನ್ನೇ ಕಳುಹಿಸುತ್ತಿದ್ದರು. 1940ರ ದಶಕದ ಆರಂಭದಲ್ಲಿ ಲೀಸಾ ಟೆಟ್ಸ್‌ನರ್ ಜರ್ಮನ್ ಭಾಷೆಯಲ್ಲಿ ಬರೆದ 'ದೀ ಶ್ವಾರ್ಟ್ಸೆನ್ ಬ್ರ್ಯೂಡರ್' (ಕಪ್ಪು ಸೋದರರು) ಎಂಬ ಮಕ್ಕಳ ಕಾದಂಬರಿಯ ಬಾಲಕ ಜಾರ್ಜೊ ಇದೇ ಕಣಿವೆಯ ಕೊನೆಯ ಊರಾದ ಸೊನೊನ್ಯೊದವನು. ಜರ್ಮನಿಯ ಶಾಲೆಗಳಲ್ಲಿ ಓದುತ್ತಿರುವ ನಮ್ಮ ಮಕ್ಕಳಲ್ಲಿ ಕೆಲವರಾದರೂ ಈ ಪುಸ್ತಕವನ್ನು ಬಲ್ಲರು.

ಇವೆಲ್ಲವೂ ಮರಳಿ ಬರುವ ಪಯಣಗಳು. ಉತ್ತರ ಕರ್ನಾಟಕದ ಜನ ಸುಗ್ಗಿ ಮುಗಿಸಿ ಗೋವೆಗೋ ಮಂಗಳೂರಿಗೋ ಗುಳೆ ಹೋಗಿ ಮಳೆಗಾಲಕ್ಕೆ ಹಿಂದಿರುಗುವಂತೆ, ಇಲ್ಲಿಯೂ ಹೋಗುವುದು ಊರಿನ ಬದುಕಿನ ಒಂದು ಅಂಗವೇ ಆಗಿತ್ತು. 19ನೆಯ ಶತಮಾನದ ನಡುವಿನಲ್ಲಿ ಕ್ಯಾಲಿಫೋರ್ನಿಯಾ ಮತ್ತು ಆಸ್ಟ್ರೇಲಿಯಾಗಳಲ್ಲಿ ಚಿನ್ನ ಸಿಕ್ಕಿದ ಸುದ್ದಿ ಟಿಚಿನೊದ ಕಣಿವೆಗಳನ್ನು ಮುಟ್ಟಿದಾಗ ಲೆಕ್ಕ ತಪ್ಪಿತು. ಸಾಲ ಮಾಡಿ ಹಡಗು ಹತ್ತಿದವರಲ್ಲಿ ಅನೇಕರು ಹಿಂದಿರುಗಲಿಲ್ಲ. ಮೆಲ್ಬರ್ನಿನ ವಾಯವ್ಯಕ್ಕಿರುವ ಡೇಲ್ಸ್‌ಫರ್ಡ್, ಹೆಪ್ಬರ್ನ್ ಪರಿಸರದಲ್ಲಿ ನೆಲೆಸಿದ ಟಿಚಿನೊದವರ ಗುರುತು ಇಂದಿಗೂ ಇದೆ. 20ನೆಯ ಶತಮಾನದಲ್ಲಿ ಬಯಲುಸೀಮೆಯ ಕಾರ್ಖಾನೆ, ಕಚೇರಿಗಳು ಉಳಿದವರನ್ನು ಸೆಳೆದವು. ಚಳಿಗಾಲದ ಮನೆಯೇ ಕಾಯಂ ಮನೆಯಾಯಿತು. 1850ರಲ್ಲಿ ಕೊರಿಪ್ಪೊದ ಜನಸಂಖ್ಯೆ ಮುನ್ನೂರರ ಹತ್ತಿರ ಇತ್ತು. 2000ದ ವೇಳೆಗೆ ಅದು ಇಪ್ಪತ್ತೆರಡಕ್ಕೆ ಇಳಿದಿತ್ತು.

ಊರನ್ನು ಬರಿದಾಗಿಸಿದ್ದು ಹೋಗುವ ಅಭ್ಯಾಸವಲ್ಲ, ಮರಳುವ ಅಭ್ಯಾಸ ತಪ್ಪಿದ್ದು. ಓಣಿಯ ಮೆಟ್ಟಿಲ ಮೇಲೆ ಕುಳಿತು ಇದನ್ನು ಯೋಚಿಸುತ್ತಿದ್ದಾಗ, ಹೊರದೇಶದಲ್ಲಿ ಎರಡು ದಶಕ ಕಳೆದ ನನಗೆ ಅದು ಬೇರೆಯವರ ಚರಿತ್ರೆ ಎನಿಸಲಿಲ್ಲ.

ಉಳಿಸುವ ಪ್ರಯತ್ನ

ಕೊರಿಪ್ಪೊಗೆ ಒಂದು ಅನಿರೀಕ್ಷಿತ ಲಾಭವೂ ಆಗಿತ್ತು. ಜನರೂ ಹಣವೂ ಇಲ್ಲದ್ದರಿಂದ ಹಳೆಯ ಮನೆಗಳನ್ನು ಕೆಡವಿ ಕಾಂಕ್ರೀಟಿನಲ್ಲಿ ಕಟ್ಟಿದವರು ಇರಲಿಲ್ಲ. ಹೀಗಾಗಿ ಊರು ತನ್ನ ಹಳೆಯ ರೂಪದಲ್ಲೇ ಉಳಿದಿತ್ತು. 1975ನೆಯ ವರ್ಷವನ್ನು ಯುರೋಪಿನ ವಾಸ್ತುಪರಂಪರೆಯ ವರ್ಷವೆಂದು ಆಚರಿಸಿದಾಗ, ಸಂರಕ್ಷಣೆಗೆ ಮಾದರಿಯಾಗಬಲ್ಲ ಸ್ವಿಟ್ಜರ್ಲೆಂಡಿನ ಊರುಗಳಲ್ಲಿ ಕೊರಿಪ್ಪೊವನ್ನೂ ಆರಿಸಿದರು. 'ಕೊರಿಪ್ಪೊ 1975' ಎಂಬ ಪ್ರತಿಷ್ಠಾನ ಹುಟ್ಟಿತು. ಖಾಲಿ ಬಿದ್ದ ಹಲವು ಮನೆಗಳನ್ನು ಅದು ಕೊಂಡುಕೊಂಡಿತು. ಮನೆಗಳ ಹೊರರೂಪವನ್ನು ಕೆಡಿಸದಂತೆ ನಿಯಮಗಳು ಬಂದವು. ಆದರೂ ಜನ ಹೊರಟುಹೋಗುವುದು ನಿಲ್ಲಲಿಲ್ಲ. ನಿಯಮ ಕಲ್ಲನ್ನು ಕಾಯಬಲ್ಲದು. ಒಲೆ ಹಚ್ಚುವವರನ್ನು ತರುವುದು ಅದರಿಂದ ಆಗದು. ಬಹುಕಾಲ ಸ್ವಿಟ್ಜರ್ಲೆಂಡಿನ ಅತ್ಯಂತ ಕಡಿಮೆ ಜನಸಂಖ್ಯೆಯ ಪೌರಸಭೆ ಎನಿಸಿಕೊಂಡಿದ್ದ ಕೊರಿಪ್ಪೊ, 2020ರ ಅಕ್ಟೋಬರಿನಲ್ಲಿ ಕಣಿವೆಯ ಇತರ ಊರುಗಳೊಡನೆ ಸೇರಿ ವೆರ್ಜಾಸ್ಕಾ ಎಂಬ ಒಂದೇ ಪೌರಸಭೆಯ ಭಾಗವಾಯಿತು.

2022ರಲ್ಲಿ ಪ್ರತಿಷ್ಠಾನವು ಇನ್ನೊಂದು ದಾರಿ ಹಿಡಿಯಿತು. ಇಟಾಲಿಯನ್ನಿನಲ್ಲಿ ಅದಕ್ಕೆ 'ಆಲ್ಬೆರ್ಗೊ ದಿಫ್ಫೂಸೊ' ಎನ್ನುತ್ತಾರೆ; ಹರಡಿಕೊಂಡ ವಸತಿಗೃಹ ಎಂದು ಅರ್ಥ. 1976ರಲ್ಲಿ ಇಟಲಿಯ ಫ್ರಿಯೂಲಿ ಪ್ರದೇಶ ಭೂಕಂಪದಿಂದ ಹಾಳಾದ ಬಳಿಕ, ಅಲ್ಲಿನ ಖಾಲಿ ಮನೆಗಳಿಗೆ ಜೀವ ಕೊಡುವ ಚಿಂತನೆಯಲ್ಲಿ ಮೂಡಿದ ಕಲ್ಪನೆ ಇದು. ಹೊಸ ಹೋಟೆಲು ಕಟ್ಟುವುದಿಲ್ಲ. ಊರಿನ ಹಲವು ಹಳೆಯ ಮನೆಗಳನ್ನು ದುರಸ್ತಿ ಮಾಡಿ ಅತಿಥಿಗಳ ಕೋಣೆಗಳಾಗಿ ಬಳಸುತ್ತಾರೆ. ಊರಿನ ಭೋಜನಶಾಲೆಯೇ ಹೋಟೆಲಿನ ಊಟದ ಮನೆ, ಓಣಿಗಳೇ ಅದರ ಮೊಗಸಾಲೆ. ನಾನು ಒಂದು ರಾತ್ರಿ ಅಂಥ ಮನೆಯೊಂದರಲ್ಲಿ ತಂಗಿದೆ. ಸುಣ್ಣದ ಗೋಡೆ, ಮರದ ನೆಲ, ಒಂದು ಮಂಚ, ಒಂದು ಮೇಜು. ದೂರದರ್ಶನ ಇರಲಿಲ್ಲ. ರಾತ್ರಿ ಕೇಳಿಸಿದ್ದು ಕೆಳಗಿನ ಹೊಳೆಯ ಸದ್ದು ಮತ್ತು ಗಡಿಯಾರದ ಗಂಟೆ.

ಇದರಿಂದ ಊರು ಮತ್ತೆ ಊರಾಯಿತೆ? ಆಗಿದೆ ಎಂದರೆ ಉತ್ಪ್ರೇಕ್ಷೆಯಾದೀತು. ಶಾಲೆಯಿಲ್ಲ, ಓಣಿಯಲ್ಲಿ ಮಕ್ಕಳ ದನಿಯಿಲ್ಲ. ಅತಿಥಿ ಎರಡು ರಾತ್ರಿ ಇದ್ದು ಹೋಗುವವನು. ಚಾವಣಿಯ ಹನಿ ಅವನಿಗೆ ದೂರು ಕೊಡುವ ವಿಷಯವೇ ಹೊರತು ಏಣಿ ಹಾಕುವ ವಿಷಯವಲ್ಲ. ಆದರೆ ಕೋಣೆಗಳನ್ನು ಬಿಸಿಯಾಗಿಡುವವರು, ಅಡುಗೆ ಮಾಡುವವರು, ಚಪ್ಪಡಿ ತಟ್ಟಿ ನೋಡುವವರು ಕೆಲಸಕ್ಕಾಗಿಯಾದರೂ ಮತ್ತೆ ಇಲ್ಲಿಗೆ ಬರುತ್ತಿದ್ದಾರೆ. ಮನೆಗಳ ತೊಲೆಗಳು ಒಣಗಿವೆ. ಮುಂದೆ ಯಾರಾದರೂ ನೆಲೆಸಲು ಬಂದರೆ ಅವರಿಗೆ ಚಾವಣಿಯಾದರೂ ಇರುತ್ತದೆ.

ಹೋಗಬಯಸುವವರಿಗೆ

ಮೇ ತಿಂಗಳಿಂದ ಅಕ್ಟೋಬರಿನವರೆಗೆ ಒಳ್ಳೆಯ ಕಾಲ. ಅದರಲ್ಲಿಯೂ ಅಕ್ಟೋಬರ್ ಉತ್ತಮ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಕಣಿವೆಯ ರಸ್ತೆಯಲ್ಲಿ ವಾಹನಗಳ ದಟ್ಟಣೆ ಹೆಚ್ಚು. ಕಾರಿಗಿಂತ ಬಸ್ಸು ಮೇಲು. ಮೆರ್ಗೋಷಾದಿಂದ ಕೊರಿಪ್ಪೊ ಮಾರ್ಗವಾಗಿ ಲಾವೆರ್ತೆಜ್ಜೊವರೆಗೆ ನಡೆದು, ಅಲ್ಲಿಂದ ಬಸ್ಸಿನಲ್ಲಿ ಲೊಕಾರ್ನೊಗೆ ಮರಳಿದರೆ ಒಂದು ದಿನಕ್ಕೆ ಹದವಾದ ತಿರುಗಾಟ. ಒಳ್ಳೆಯ ಹಿಡಿತದ ಬೂಟು ಬೇಕು. ಒದ್ದೆಯಾದ ನೈಸ್ ಕಲ್ಲು ಜಾರುತ್ತದೆ. ಹೊಳೆಯ ನೀರು ಕಣ್ಣಿಗೆ ಎಷ್ಟು ತಿಳಿಯೋ ಅಷ್ಟೇ ಅಪಾಯಕಾರಿ. ನೀರು ಬಹಳ ತಣ್ಣಗಿರುತ್ತದೆ, ಸೆಳವೂ ಜೋರು. ಬಂಡೆಗಳಿಂದ ಜಿಗಿಯುವ ಹುಡುಗರನ್ನು ನೋಡಿ ನೀರಿಗಿಳಿಯಬೇಡಿ. ಮನೆಗಳ ಒಳಗೆ ಇಣುಕದೆ, ಎದುರಾದವರಿಗೆ 'ಬೋನ್‌ಜೋರ್ನೊ' ಎಂದು ವಂದಿಸಿ ನಡೆದರೆ ಊರು ನಿಮ್ಮನ್ನು ಚೆನ್ನಾಗಿಯೇ ಬರಮಾಡಿಕೊಳ್ಳುತ್ತದೆ.

ಮರುದಿನ ಬೆಳಗ್ಗೆ ಅಣ್ಣನಿಗೆ ಕರೆ ಮಾಡಿದೆ. ಕಲ್ಲು, ತೊಲೆಗಳನ್ನು ಮಾರುವುದು ಬೇಡವೆಂದೆ. "ಬೇಡಾಂದ್ರ ಆತು. ಆದ್ರ ಯಾರು ಇರ್ತಾರೋ ಅದರಾಗ?" ಎಂದು ಅವರು ಕೇಳಿದರು. ನ್ಯಾಯವಾದ ಪ್ರಶ್ನೆ. ಬೀಗ ಹಾಕಿದ ಮನೆಯನ್ನು ಉಳಿಸುತ್ತೇವೆಂದು ಹೇಳುವುದಕ್ಕೆ ಹೆಚ್ಚು ಅರ್ಥವಿಲ್ಲವೆಂದು ನಾನೂ ಕಲಿತಿದ್ದೆ. ಮಾತು ಬೆಳೆದು ಒಂದು ಒಪ್ಪಂದಕ್ಕೆ ಬಂದೆವು. ಊರ ಶಾಲೆಗೆ ಹೊಸದಾಗಿ ಬಂದಿರುವ ಶಿಕ್ಷಕರ ಕುಟುಂಬವೊಂದು ಮನೆ ಹುಡುಕುತ್ತಿತ್ತು. ಅವರಿಂದ ಬಾಡಿಗೆ ಬೇಡ. ದಿನವೂ ಒಲೆ ಉರಿಯಬೇಕು, ಸೋರಿದರೆ ಅಣ್ಣನಿಗೆ ತಿಳಿಸಬೇಕು. ಮೃಗಶಿರ ಮಳೆಗೆ ಮೊದಲು ಮಾಳಿಗೆಗೆ ಮಣ್ಣು ಹಾಕಿಸುವ ಖರ್ಚು ನನ್ನದು. ವರ್ಷಕ್ಕೊಮ್ಮೆ ಆ ವೇಳೆಗೆ ನಾನು ಊರಿನಲ್ಲಿರಬೇಕೆಂಬುದು ಅಣ್ಣ ಹಾಕಿದ ಕರಾರು.

ಮೊದಲ ವರ್ಷ ಆ ಕರಾರನ್ನು ಉಳಿಸಿಕೊಂಡಿದ್ದೇನೆ. ಬುಟ್ಟಿಯಲ್ಲಿ ಮಣ್ಣು ಹೊತ್ತು ಏಣಿ ಹತ್ತಿದೆ, ಮೂರನೆಯ ಬುಟ್ಟಿಗೇ ಸೊಂಟ ಹಿಡಿಯಿತು. ಮಿಕ್ಕ ಬುಟ್ಟಿಗಳನ್ನು ಆ ಶಿಕ್ಷಕರ ಮಗನೇ ಹೊತ್ತ.